ಮನೆಶಿಕ್ಷಣದಿಂದ ಸರ್ಕಾರಿ ಪ್ರೌಢಶಾಲೆಗೆ: ಪೋಷಕರು ತಿಳಿದಿರಬೇಕಾದ ಸಂಗತಿಗಳು



ಮಗುವನ್ನು ಶಾಲೆಗೆ ಸೇರಿಸದೆ ಮನೆಯಲ್ಲಿಯೇ ಓದಿಸಿದ ತಂದೆತಾಯಿಗಳು, ಆ ಮಗುವನ್ನು ಪ್ರೌಢಶಾಲೆಗೆ ಸೇರಿಸುವುದು ಹೇಗೆಂದು ಶ್ರೀಮಠದ ಕಾರ್ಯಾಲಯದಲ್ಲಿ ವಿಚಾರಿಸುವುದುಂಟು. ಅಂಥವರ ಉಪಯೋಗಕ್ಕಾಗಿ ಸಂಬಂಧಪಟ್ಟ ನಿಯಮಗಳನ್ನೂ ಅನುಸರಿಸಬೇಕಾದ ಕ್ರಮವನ್ನೂ ಇಲ್ಲಿ ಒಂದೆಡೆ ನೀಡಿದ್ದೇವೆ. ಮೊದಲಿಗೇ ಹೇಳಬೇಕಾದ ಮಾತು ಒಂದಿದೆ. ಮನೆಯಲ್ಲಿ ಕಲಿತ ಮಗು ಸರ್ಕಾರಿ ಶಾಲೆಗೆ ಬರುವುದಾದರೆ ತಡವೆಂದರೂ ಎಂಟನೆಯ ತರಗತಿಗೇ ಬರಲಿ. ಅಲ್ಲಿಯವರೆಗೆ ಕಾನೂನು ಬಾಗಿಲನ್ನು ತೆರೆದಿಟ್ಟಿದೆ. ಒಂಬತ್ತನೆಯ ತರಗತಿಗೆಂದು ಕಾಯ್ದರೆ ಅದೇ ಬಾಗಿಲು ಬಹಳ ಕಿರಿದಾಗುತ್ತದೆ.

ಮನೆಶಿಕ್ಷಣವೆಂದರೆ ಏನು, ಯಾರಿಗೆ?

ಶಾಲೆ ಬಿಟ್ಟ ಮೇಲೆ ಹೇಳಿಸಿಕೊಳ್ಳುವ ಟ್ಯೂಷನ್ ಪಾಠದ ಮಾತು ಇದಲ್ಲ. ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದೆ ಮನೆಯಲ್ಲಿಯೇ ಕಲಿಯುವುದಕ್ಕೆ ಮನೆಶಿಕ್ಷಣವೆನ್ನುತ್ತೇವೆ. ನಮ್ಮ ಸೀಮೆಯಲ್ಲಿ ಇದು ಹಲವು ಕಾರಣಗಳಿಂದ ಬಂದಿರಬಹುದು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ ನಗರ ಬಿಟ್ಟು ತೋಟದ ಮನೆಗೆ ಮರಳಿದ ಕುಟುಂಬಗಳಲ್ಲಿ ಕೆಲವು, ಮಕ್ಕಳಿಗೆ ತಾವೇ ಕಲಿಸುವುದನ್ನು ಮುಂದುವರಿಸಿರಬಹುದು. ದೀರ್ಘಕಾಲದ ಅನಾರೋಗ್ಯ ಕೆಲವರಿಗೆ ಕಾರಣ. ಮಠಗಳಲ್ಲಿ ವಚನ, ಸಂಸ್ಕೃತ, ಪೂಜಾವಿಧಿಗಳನ್ನು ಕಲಿಯುವ ವಟುಗಳ ಹೆಸರು ಶಾಲೆಯಲ್ಲಿ ದಾಖಲಾಗದೆ ಉಳಿದಿದ್ದರೆ ಅವರ ಸ್ಥಿತಿಯೂ ಇದೇ. ಕೊನೆಯದಾಗಿ, ಊರಿನಲ್ಲಿ ಪ್ರೌಢಶಾಲೆಯಿಲ್ಲ, ಬಸ್ಸು ಸರಿಯಿಲ್ಲ ಎಂದು ಹೆಣ್ಣುಮಗಳನ್ನು ಏಳನೆಯ ತರಗತಿಗೇ ನಿಲ್ಲಿಸಿ, ಅದನ್ನು ಮನೆಶಿಕ್ಷಣವೆಂದು ಕರೆಯುವುದೂ ಉಂಟು. ಕಲಿಸುವವರಿಲ್ಲದ ಮನೆಯಲ್ಲಿ ಅದು ಶಿಕ್ಷಣವಲ್ಲ, ಶಾಲೆ ಬಿಡಿಸಿದ್ದು ಮಾತ್ರ. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಗೌರವದಿಂದ ಕೂರಿಸಿದ ಪರಂಪರೆಯವರು ಈ ವ್ಯತ್ಯಾಸವನ್ನು ಮರೆಯಬಾರದು.

ಹಿಂದಿನ ಕ್ರಮ

ಮನೆ ಮತ್ತು ಮಠದಿಂದ ಸರ್ಕಾರಿ ಶಾಲೆಗೆ ಸಾಗುವುದು ಈ ನಾಡಿಗೆ ಹೊಸತಲ್ಲ. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದ ಕಾಲದಲ್ಲಿ ಹಳ್ಳಿಯ ಮಕ್ಕಳು ಅಕ್ಷರ ತಿದ್ದುತ್ತಿದ್ದದ್ದು ಕೂಲಿಮಠಗಳಲ್ಲಿ, ಐಗಳ ಮುಂದೆ. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳು ಆರಂಭವಾದವು. ಅಂದು ಐಗಳ ಮಠದಲ್ಲಿ ಓದು ಬರಹ ಕಲಿತವನಿಗೆ ಯಾರೂ ಪ್ರಮಾಣಪತ್ರ ಕೇಳುತ್ತಿರಲಿಲ್ಲ. ಇಂದು ಕಲಿಕೆಯ ಜೊತೆಗೆ ದಾಖಲೆಯೂ ಬೇಕು.

ಎಂಟನೆಯ ತರಗತಿಯವರೆಗೆ ಕಾನೂನಿನ ಆಸರೆ

ಸಂವಿಧಾನದ 21ಎ ವಿಧಿಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ನೀಡಿದೆ. ಅದನ್ನು ಜಾರಿಗೆ ತಂದ ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮನೆಶಿಕ್ಷಣದ ಮಕ್ಕಳಿಗೆ ಈ ಕಾಯ್ದೆಯ ಕೆಲವು ಸೆಕ್ಷನ್‌ಗಳು ಮುಖ್ಯವಾದವು.

ಸೆಕ್ಷನ್ 4: ಎಂದೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕು ಮಗುವಿಗಿದೆ. ಕೇಂದ್ರದ ಮಾದರಿ ನಿಯಮಗಳಂತೆ ಈ ತರಬೇತಿಯ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಹೀಗೆ ಸೇರಿದ ಮಗುವಿಗೆ 14 ವರ್ಷ ತುಂಬಿದ ಮೇಲೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಯುತ್ತದೆ.

ಸೆಕ್ಷನ್ 5: ಹಿಂದೆ ಯಾವುದಾದರೂ ಶಾಲೆಯಲ್ಲಿದ್ದ ಮಗುವಿನ ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ.

ಸೆಕ್ಷನ್ 13: ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಸೇರಿದ ಮೇಲೆ ಮಗುವಿನ ಕಲಿಕೆಯ ಮಟ್ಟ ತಿಳಿಯಲು ಶಿಕ್ಷಕರು ನಡೆಸುವ ಪರೀಕ್ಷೆ ಬೇರೆ, ಅದಕ್ಕೆ ಅಂಜಬೇಕಾಗಿಲ್ಲ.

ಸೆಕ್ಷನ್ 14 ಮತ್ತು 15: ವಯಸ್ಸಿನ ದಾಖಲೆಯಿಲ್ಲವೆಂದಾಗಲಿ, ದಾಖಲಾತಿಯ ಅವಧಿ ಮುಗಿಯಿತೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ.

ಈ ಆಸರೆ ಇರುವುದು ಎಂಟನೆಯ ತರಗತಿಯವರೆಗೆ ಮಾತ್ರ. ಒಂಬತ್ತನೆಯ ತರಗತಿಗೆ ನೇರವಾಗಿ ಸೇರಬೇಕಾದರೆ ಎಂಟನ್ನು ಮುಗಿಸಿದ ದಾಖಲೆ ಬೇಕಾಗುತ್ತದೆ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಆ ದಾಖಲೆ ಇರುವುದಿಲ್ಲ. ಆದುದರಿಂದ 13 ವರ್ಷದ ಹೊತ್ತಿಗೆ ನಿರ್ಧಾರ ಮಾಡಿರಬೇಕು.

ಸೇರಿಸುವ ಕ್ರಮ

ನಮ್ಮಲ್ಲಿ ಎಂಟನೆಯ ತರಗತಿ ಕೆಲವು ಊರುಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿಯೂ ಉಳಿದೆಡೆ ಪ್ರೌಢಶಾಲೆಯಲ್ಲಿಯೂ ಇದೆ. ಸಾಧ್ಯವಿದ್ದಲ್ಲಿ ಪ್ರೌಢಶಾಲೆಯ ಎಂಟಕ್ಕೇ ಸೇರಿಸುವುದು ಲೇಸು. ಒಂದೇ ವರ್ಷಕ್ಕೆ ಮತ್ತೊಮ್ಮೆ ಶಾಲೆ ಬದಲಿಸುವ ಕಷ್ಟ ಮಗುವಿಗೆ ತಪ್ಪುತ್ತದೆ.

ಮುಖ್ಯಶಿಕ್ಷಕರನ್ನು ಬೇಸಿಗೆ ರಜೆಗೆ ಮೊದಲೇ ಕಾಣಬೇಕು. ಅವರ ಮಟ್ಟದಲ್ಲಿ ಇತ್ಯರ್ಥವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅನಂತರ ಚಿಕ್ಕಮಗಳೂರಿನ ಉಪನಿರ್ದೇಶಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಂದಾಯ ತಾಲ್ಲೂಕಿನ ಗಡಿಯೂ ಶಿಕ್ಷಣ ವಲಯದ ಗಡಿಯೂ ಒಂದೇ ಎಂದು ಭಾವಿಸಬಾರದು. ಕಡೂರು ತಾಲ್ಲೂಕಿನೊಳಗೆ ಬೀರೂರು ಪ್ರತ್ಯೇಕ ಶಿಕ್ಷಣ ವಲಯವಾಗಿದೆ. ಅಜ್ಜಂಪುರವು ತರೀಕೆರೆಯಿಂದ ಬೇರ್ಪಟ್ಟ ಹೊಸ ತಾಲ್ಲೂಕು. ತಮ್ಮ ಊರು ಯಾವ ವಲಯಕ್ಕೆ ಸೇರಿದೆಯೆಂದು ಊರಿನ ಶಾಲೆಯಲ್ಲಿಯೇ ಕೇಳಿ ತಿಳಿದುಕೊಂಡರೆ ಅಲೆದಾಟ ತಪ್ಪುತ್ತದೆ. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ.

ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಭಾವಚಿತ್ರ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಹಿಂದೆ ಒಂದು ವರ್ಷವಾದರೂ ಶಾಲೆಗೆ ಹೋಗಿದ್ದ ಮಗುವಿಗೆ ಸ್ಯಾಟ್ಸ್ ಸಂಖ್ಯೆ ಇರಬಹುದು. ಅದನ್ನು ಹುಡುಕಿಸಿ ಮುಂದುವರಿಸಬೇಕು, ಎರಡನೆಯದನ್ನು ಮಾಡಿಸಬಾರದು.

ದಾಖಲಾತಿ ಪುಸ್ತಕದಲ್ಲಿ ಬರೆಸುವ ಹೆಸರು, ಜನ್ಮದಿನಾಂಕ ಮತ್ತು ಜಾತಿಯ ನಮೂದನ್ನು ಪೋಷಕರೇ ಓದಿ ನೋಡಬೇಕು. ಅವು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತವೆ; ಮುಂದೆ ತಿದ್ದಿಸುವುದು ಬಹಳ ಕಷ್ಟ. ಲಿಂಗಾಯತರಲ್ಲಿ ಬಹುಪಾಲು ಜನ 3ಬಿ ಪ್ರವರ್ಗದಲ್ಲಿದ್ದರೆ, ಕೆಲವು ಕಾಯಕದ ಒಳಪಂಗಡಗಳು 2ಎ ಪ್ರವರ್ಗದಲ್ಲಿವೆ. ಬಾಯಿಮಾತಿನಲ್ಲಿ ಹೇಳದೆ, ತಹಶೀಲ್ದಾರರ ಪ್ರಮಾಣಪತ್ರದಲ್ಲಿರುವಂತೆಯೇ ಬರೆಸಬೇಕು.

ಕಲಿಕೆಯ ಸಿದ್ಧತೆ

ರಾಜ್ಯ ಪಠ್ಯಕ್ರಮದಲ್ಲಿ ಮೂರು ಭಾಷೆಗಳು, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳಿವೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125 ಅಂಕ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಬೇಕು. ಇಂಗ್ಲಿಷ್ ಪುಸ್ತಕಗಳಿಂದಲೇ ಮನೆಯಲ್ಲಿ ಕಲಿತ ಮಗು ಕನ್ನಡದಲ್ಲಿ ಮಾತನಾಡಬಲ್ಲದಾದರೂ ಒಂದು ಪುಟ ಬರೆಯಲು ತೊಡಕುಪಡಬಹುದು. ತೃತೀಯ ಭಾಷೆ ಶಾಲೆಗಳಲ್ಲಿ ಆರನೆಯ ತರಗತಿಯಿಂದ ಆರಂಭವಾಗುವುದರಿಂದ ಹಿಂದಿಯಲ್ಲಿ ಎರಡು ವರ್ಷ ಹಿಂದುಳಿದಿರುತ್ತದೆ. ಮಠದ ವಟುವಿಗೆ ಸಂಸ್ಕೃತ ಬಂದರೂ ಗಣಿತದಲ್ಲಿ ಕೊರತೆ ಇರಬಹುದು. ಸೇರುವ ಮೊದಲಿನ ಆರು ತಿಂಗಳು ಸರ್ಕಾರದ ಆರು ಮತ್ತು ಏಳನೆಯ ತರಗತಿಯ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ಓದಿಸಿದರೆ ಹೆಚ್ಚಿನ ಕೊರತೆ ನೀಗುತ್ತದೆ.

ಹಾಜರಾತಿಯೂ ಅಷ್ಟೇ ಮುಖ್ಯ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಅಡಿಕೆ ಸುಲಿಯುವ ಕಾಲ, ಊರ ತೇರು, ಬಂಧುಗಳ ಮದುವೆ ಎಂದು ಮನೆಯಲ್ಲಿ ನಿಲ್ಲಿಸಿಕೊಳ್ಳುವ ರೂಢಿಯನ್ನು ಬಿಡಬೇಕು. ಮನೆಯಲ್ಲಿ ತನಗೆ ಬೇಕಾದ ಹೊತ್ತಿಗೆ ಓದಿದ ಮಗುವಿಗೆ ಗಂಟೆಗೊಂದು ವಿಷಯ, ತುಂಬಿದ ತರಗತಿ, ಗದ್ದಲ ಎಲ್ಲವೂ ಹೊಸತು. ಮೊದಲ ತಿಂಗಳುಗಳಲ್ಲಿ ಅಂಕ ಕೇಳುವ ಬದಲು, ಯಾರ ಪಕ್ಕದಲ್ಲಿ ಕುಳಿತೆ, ಯಾರೊಡನೆ ಉಂಡೆ ಎಂದು ಕೇಳುವುದು ಹಿತ. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಬಿಸಿಯೂಟಕ್ಕೆ ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂದೇ ಹೆಸರು. ಶರಣರ ದಾಸೋಹದ ಪಾಠ ಅಲ್ಲಿ ದಿನವೂ ನಡೆಯುತ್ತದೆ.

ಎಂಟು ದಾಟಿದವರಿಗೆ

ವಯಸ್ಸು ಮೀರಿದವರಿಗೂ ದಾರಿಯಿಲ್ಲದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲಶಿಕ್ಷಣದ ಮೂರು ಹಂತಗಳು ಮೂರು, ಐದು ಮತ್ತು ಎಂಟನೆಯ ತರಗತಿಗೆ ಸಮಾನ. 14 ವರ್ಷ ತುಂಬಿದವರು ಆ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ನೇರವಾಗಿ ನೋಂದಾಯಿಸಿಕೊಳ್ಳಬಹುದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಿಗದಿಪಡಿಸಿದ ವಯಸ್ಸು ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವುದೂ ಸಾಧ್ಯ. ಆದರೆ ಈ ದಾರಿಗಳಲ್ಲಿ ದಿನನಿತ್ಯ ಕಲಿಸುವ ಶಿಕ್ಷಕರಿಲ್ಲ, ಜೊತೆಗಾರರಿಲ್ಲ.

ಇನ್ನೊಂದು ನಷ್ಟವನ್ನೂ ಗಮನಿಸಬೇಕು. ವೃತ್ತಿಶಿಕ್ಷಣದ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಪೂರ್ಣ 10 ವರ್ಷ ಶಾಲೆಯಲ್ಲಿ ಓದಿದ ಪ್ರಮಾಣಪತ್ರ ಬೇಕು. ಶಾಲೆಯ ದಾಖಲೆಯಲ್ಲಿ ಇಲ್ಲದ ವರ್ಷಕ್ಕೆ ಯಾವ ಮುಖ್ಯಶಿಕ್ಷಕರೂ ಸಹಿ ಮಾಡಲಾರರು. ಹಳ್ಳಿಯಲ್ಲಿಯೇ ಹುಟ್ಟಿ ಬೆಳೆದ ಮಗುವೂ ಮನೆಯಲ್ಲಿ ಕಲಿತ ವರ್ಷಗಳ ಕಾರಣದಿಂದ ಈ ಸೌಲಭ್ಯ ಕಳೆದುಕೊಳ್ಳುತ್ತದೆ. ಮನೆಶಿಕ್ಷಣವನ್ನು ಆರಂಭಿಸುವ ಮೊದಲೇ ಪೋಷಕರು ಇದನ್ನು ತೂಗಿ ನೋಡಬೇಕು.

ಮನೆಯಲ್ಲಿ ಪ್ರೀತಿಯಿಂದ ಕಲಿಸಿದ ತಂದೆತಾಯಿಗಳ ಶ್ರಮ ವ್ಯರ್ಥವಲ್ಲ, ಅದೂ ಕಾಯಕವೇ. ಆ ಕಾಯಕದ ಫಲ ಮಗುವಿನ ಕೈಸೇರಬೇಕಾದರೆ ಸಕಾಲದಲ್ಲಿ ಶಾಲೆಯ ದಾಖಲೆಯೂ ಸೇರಬೇಕು. ತಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ 12, 13 ವರ್ಷದ ಮಗು ಶಾಲೆಯ ಹೊರಗಿದ್ದರೆ, ಬರುವ ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಹತ್ತಿರದ ಪ್ರೌಢಶಾಲೆಗೆ ಕರೆದೊಯ್ಯಬೇಕೆಂದು ಭಕ್ತರಲ್ಲಿ ವಿನಂತಿಸುತ್ತೇವೆ. ಅರ್ಜಿ ಬರೆಯಲು ನೆರವು ಬೇಕಾದವರು ಶ್ರೀಮಠದ ಕಾರ್ಯಾಲಯಕ್ಕೆ ಸಂಕೋಚವಿಲ್ಲದೆ ಬರಬಹುದು.