ಸಾವಿರ ಪದದ ಸಿರಿಯಜ್ಜಿ

ನಮ್ಮ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕವಲೊಡೆಯುವ ರೈಲು ಹಳಿ ಚಿತ್ರದುರ್ಗ, ಚಳ್ಳಕೆರೆ ದಾಟಿ ರಾಯದುರ್ಗದ ಕಡೆ ಹೋಗುತ್ತದೆ. ಆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು ಸಿರಿಯಜ್ಜಿ. ಕಾಡುಗೊಲ್ಲರ ಹೆಣ್ಣುಮಗಳು. ಓದು ಬರಹ ಇರಲಿಲ್ಲ. ಆದರೆ ಸಾವಿರಾರು ಪದಗಳು ಅವರ ಬಾಯಲ್ಲೇ ಇದ್ದವು.

ಏನು ಪದ ಅವು? ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪನಂಥ ಹಟ್ಟಿಯ ದೇವರುಗಳ ಕತೆ, ಮದುವೆಯ ಸೋಬಾನೆ, ತವರಿನ ನೆನಪು, ಹೆಣ್ಣಿನ ಕಷ್ಟ ಸುಖ. ಜುಂಜಪ್ಪನ ಕತೆ ಹೇಳುವ ಗಂಡಸರು ಗಣೆ ಊದುತ್ತಾರೆ. ಹೆಂಗಸರ ಪದಕ್ಕೆ ವಾದ್ಯ ಬೇಕಿಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಅರಸರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕುರಿ ಕಾಯುವವರ ಚರಿತ್ರೆ ಉಳಿದದ್ದು ಇಂಥ ಪದಗಳಲ್ಲಿ.

ಇಲ್ಲಿ ದೂರದ ಒಂದು ಸಂಗತಿ ನೆನಪಾಗುತ್ತದೆ. 1927ರ ಬೇಸಿಗೆಯಲ್ಲಿ ವಿಕ್ಟರ್ ಎಂಬ ಗ್ರಾಮಫೋನ್ ಕಂಪನಿಯವರು ಹಳ್ಳಿ ಹಾಡುಗಾರರನ್ನು ಹುಡುಕಿಕೊಂಡು ಅಮೆರಿಕದ ಬ್ರಿಸ್ಟಲ್ ಪಟ್ಟಣಕ್ಕೆ ಬಂದರು. ಅಲ್ಲಿ ಹಾಡಿದವರಲ್ಲಿ ಒಬ್ಬ ಜಿಮ್ಮಿ ರಾಡ್ಜರ್ಸ್. ರೈಲಿನಲ್ಲಿ ಕೆಲಸ ಮಾಡುತ್ತಿದ್ದವನು. ಕ್ಷಯದಿಂದ 1933ರಲ್ಲಿ ತೀರಿಕೊಂಡ. ಗ್ರಾಮಫೋನಿಗೆ ಹಾಡಿದ್ದು ಆರೇ ವರ್ಷವಾದರೂ ಅವನ ದನಿ ಇವತ್ತಿಗೂ ಕೇಳಸಿಗುತ್ತದೆ.

ಆ ಕಾಲದಲ್ಲಿ ಅಂಥ ಯಂತ್ರ ಹೊತ್ತು ನಮ್ಮ ಹಟ್ಟಿಗಳಿಗೆ ಯಾರು ಬರಬೇಕು? ಬೀಸುವ ಕಲ್ಲಿನ ಮುಂದೆ, ಮದುವೆ ಚಪ್ಪರದಲ್ಲಿ ಹಾಡಿದ ಎಷ್ಟೋ ತಾಯಂದಿರ ಹೆಸರೂ ಉಳಿಯಲಿಲ್ಲ. ಸಿರಿಯಜ್ಜಿಯ ಪದಗಳು ಉಳಿದದ್ದು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಹಟ್ಟಿಗೆ ಬಂದು, ಕೂತು ಕೇಳಿ, ಸಂಗ್ರಹಿಸಿ ಪುಸ್ತಕ ಮಾಡಿದ್ದರಿಂದ. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಅಕ್ಷರ ಕಲಿಯದ ಅಜ್ಜಿಗೆ ವಿಶ್ವವಿದ್ಯಾಲಯವೇ ತಲೆಬಾಗಿದಂತಾಯಿತು.

ಸಿರಿಯಜ್ಜಿ ಈಗ ಇಲ್ಲ. ಆದರೆ ನಿಮ್ಮ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ ಸೋಬಾನೆ ಬಲ್ಲ ಅಜ್ಜಿ ಇರಬಹುದು. ಅಂದು ಕಂಪನಿಯವರು ಹೊತ್ತು ತರಬೇಕಿದ್ದ ಯಂತ್ರ ಇಂದು ನಿಮ್ಮ ಜೇಬಿನಲ್ಲೇ ಇದೆ. ಬಿಡುವು ನೋಡಿ ಪಕ್ಕದಲ್ಲಿ ಕೂತುಕೊಳ್ಳಿ, ಒಪ್ಪಿಗೆ ಕೇಳಿ, ರೆಕಾರ್ಡ್ ಮಾಡಿ. ಅವರ ಹೆಸರು, ಊರು, ಪದ ಕಲಿಸಿದವರು ಯಾರು, ಯಾವ ಕಾರ್ಯಕ್ಕೆ ಹಾಡುತ್ತಾರೆ ಎಂಬುದನ್ನೂ ಅವರ ಬಾಯಲ್ಲೇ ಹೇಳಿಸಿ. ದೇವರ ಪದವಾದರೆ ಹೊರಗಿನವರಿಗೆ ಕಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಪದ ಮುಗಿಯಿತೆಂದು ಫೋನ್ ಆಫ್ ಮಾಡಬೇಡಿ. ಅದರ ಹಿಂದಿನ ಕತೆ ಅಜ್ಜಿಗೆ ನೆನಪಾಗುವುದು ಆಮೇಲೆಯೇ.