ರಾತ್ರಿ ಕೊಂಡ ಟ್ಯಾಬು

ಕಳೆದ ವರ್ಷ ಮಳೆಗಾಲದಲ್ಲಿ ನಾನೊಂದು ಕಳ್ಳಮಾಲು ಕೊಂಡೆ. ಗೊತ್ತಿದ್ದು ಕೊಳ್ಳಲಿಲ್ಲ. ಆದರೆ 'ಗೊತ್ತಿರಲಿಲ್ಲ' ಎಂದು ಹೇಳಿಕೊಳ್ಳುವ ಹಕ್ಕಾದರೂ ನನಗಿದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆಗಿದ್ದಿಷ್ಟು. ಶಾಸನಗಳನ್ನು ಇಟ್ಟುಕೊಂಡು ಸಂಶೋಧನೆ ಮಾಡುವವರಿಗೆ ಈಗ ಹಳೆಯ ಸಂಪುಟಗಳೆಲ್ಲ ಸ್ಕ್ಯಾನ್ ಆಗಿ ಸಿಗುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ, ಅಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯದು, ನನ್ನ ಫೋನಿನಲ್ಲೇ ಇತ್ತು. ಅಂಗೈಯಗಲದ ಪರದೆಯಲ್ಲಿ ಅದನ್ನು ಓದಿ ಓದಿ ಕಣ್ಣು ಸೋತಿದ್ದವು. ಫೆಲೋಶಿಪ್ಪಿನ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಹೊಸ ಟ್ಯಾಬು ಕೊಳ್ಳುವ ಮಾತೇ ಇಲ್ಲ. ಗೆಳೆಯನೊಬ್ಬನ ಗೆಳೆಯನ ಮೂಲಕ ಗೊತ್ತಾದ ಒಬ್ಬಾತ ದಾವಣಗೆರೆಯಲ್ಲಿ ರಾತ್ರಿ ಒಂಬತ್ತೂವರೆಗೆ ರಸ್ತೆಬದಿಯಲ್ಲಿ ಸಿಕ್ಕ. ಹದಿನೆಂಟು ಸಾವಿರದ ಟ್ಯಾಬನ್ನು ಐದು ಸಾವಿರಕ್ಕೆ ಕೊಟ್ಟ. ಬಿಲ್ ಕೇಳಿದೆ, ಊರಲ್ಲಿದೆ ಎಂದ. ನೆಟ್ ಹಾಕಿ ತೋರಿಸು ಎಂದೆ, ಪ್ಯಾಕ್ ಮುಗಿದಿದೆ ಎಂದ. ಪರದೆ ಚೆನ್ನಾಗಿತ್ತು. ಹಣ ಕೊಟ್ಟು ಬಂದೆ.

ಹಾಸ್ಟೆಲಿಗೆ ಬಂದು ವೈಫೈಗೆ ಜೋಡಿಸಿದ ಸ್ವಲ್ಪ ಹೊತ್ತಿಗೆ ಟ್ಯಾಬು ತಾನಾಗಿ ಬೀಗ ಹಾಕಿಕೊಂಡಿತು. ಪರದೆಯ ಮೇಲೆ ಒಂದು ಸಂದೇಶ: ಈ ಟ್ಯಾಬ್ ಕಳೆದುಹೋಗಿದೆ, ಸಿಕ್ಕವರು ದಯವಿಟ್ಟು ಕರೆ ಮಾಡಿ. ಕೆಳಗೊಂದು ನಂಬರು.

ಮಾರನೆಯ ದಿನ ಕರೆ ಮಾಡಿದೆ. ಪಿಯುಸಿ ಓದುವ ಹುಡುಗಿಯೊಬ್ಬಳ ತಾಯಿ ಮಾತಾಡಿದರು. ಬಸ್ಸಿನಲ್ಲಿ ಹೋದದ್ದಂತೆ, ಮಗಳ ನೋಟ್ಸೆಲ್ಲ ಅದರಲ್ಲೇ ಇತ್ತಂತೆ. ತಂದುಕೊಟ್ಟಾಗ ಐನೂರು ರೂಪಾಯಿ ಕೈಗಿಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಆಮೇಲೆ ಆಕೆ ಕೇಳಿದ್ದು ಒಂದೇ ಮಾತು: "ಯಾರ ಹತ್ರ ತಗಂಡ್ರಿ ಸಾರ್?" ನನಗೆ ಅವನ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ನಂಬರು ಸ್ವಿಚ್ ಆಫ್ ಆಗಿತ್ತು. ಆಕೆಯ ಕಣ್ಣಲ್ಲಿ ಒಂದು ಗಳಿಗೆ ಅನುಮಾನ ಸುಳಿದು ಹೋದದ್ದನ್ನು ನೋಡಿದೆ. ಐದು ಸಾವಿರ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಆ ಅನುಮಾನಕ್ಕೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಕರ್ನಾಟಕದಲ್ಲೇ ಕೂತು ಒಬ್ಬರು ವ್ಯಾಖ್ಯಾನ ಬರೆದಿದ್ದಾರೆ. ಕಲ್ಯಾಣದ ಚಾಳುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ಟೀಕೆ ಬರೆದ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ಮೊಕದ್ದಮೆಗಳಲ್ಲಿ ಇಂದಿಗೂ ಕೇಳಿಬರುವ ಹೆಸರು ಅದು. ಆಸ್ತಿಪಾಲಿನ ಗದ್ದಲದಲ್ಲಿ ಅದರ ಬೇರೆ ಪ್ರಕರಣಗಳನ್ನು ನಾವು ಓದುವುದು ಕಡಿಮೆ. ಅವುಗಳಲ್ಲೊಂದು 'ಅಸ್ವಾಮಿವಿಕ್ರಯ', ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ.

ಅಲ್ಲಿನ ನಿಯಮ ಸರಳ. ನನ್ನ ವಸ್ತುವನ್ನು ಬೇರೆ ಯಾರೋ ಮಾರಿದರೆ, ಅದು ಯಾರ ಕೈಯಲ್ಲಿದ್ದರೂ ನನಗೇ ವಾಪಸು ಬರಬೇಕು. ಇನ್ನು ಕೊಂಡವನ ಪಾಡು? ಅವನು ಬಯಲಿನಲ್ಲಿ, ನಾಲ್ಕು ಜನರೆದುರು ಕೊಂಡಿದ್ದರೆ ತಪ್ಪಿಲ್ಲ, ಗುಟ್ಟಾಗಿ ಕೊಂಡಿದ್ದರೆ ತಪ್ಪಿದೆ. ನಾಲ್ಕು ಸಂದರ್ಭಗಳಲ್ಲಿ ಕೊಂಡವನೇ ಕಳ್ಳ ಎನಿಸಿಕೊಳ್ಳುತ್ತಾನೆ: ಹೀನನಿಂದ ಕೊಂಡರೆ, ಏಕಾಂತದಲ್ಲಿ ಕೊಂಡರೆ, ತೀರಾ ಕಡಿಮೆ ಬೆಲೆಗೆ ಕೊಂಡರೆ, ವೇಳೆಯಲ್ಲದ ವೇಳೆಯಲ್ಲಿ ಕೊಂಡರೆ. ಮೊದಲ ಸಲ ಓದಿದಾಗ 'ಹೀನ' ಎಂಬ ಪದ ನೋಡಿ ನನಗೆ ಸಿಟ್ಟು ಬಂದಿತ್ತು, ಮತ್ತದೇ ಜಾತಿಯ ಮಾತು ಎಂದುಕೊಂಡಿದ್ದೆ. ಆದರೆ ವಿಜ್ಞಾನೇಶ್ವರ ಇಲ್ಲಿ ಆ ಪದವನ್ನು ಬಿಡಿಸುವ ರೀತಿಯೇ ಬೇರೆ. ಆ ವಸ್ತು ಕೈಗೆ ಬರುವ ದಾರಿಯೇ ಯಾರಿಗೆ ಇಲ್ಲವೋ ಅವನು ಹೀನ. ಅಂದರೆ ಕೇಳಬೇಕಾದ ಪ್ರಶ್ನೆ 'ನೀನು ಯಾರ ಪೈಕಿ' ಎಂಬುದಲ್ಲ, 'ಇದು ನಿನಗೆ ಹೇಗೆ ಬಂತು' ಎಂಬುದು. ವೇಳೆಯಲ್ಲದ ವೇಳೆ ಎಂದರೆ ರಾತ್ರಿ ಮುಂತಾದ ಹೊತ್ತು ಎಂದೂ ಅವನು ಬಿಡಿಸಿ ಹೇಳುತ್ತಾನೆ.

ರಾತ್ರಿ ಒಂಬತ್ತೂವರೆ, ರಸ್ತೆಬದಿ, ಮೂರನೇ ಒಂದು ಪಾಲಿಗಿಂತ ಕಡಿಮೆ ಬೆಲೆ, ಹೇಗೆ ಬಂತೆಂದು ಹೇಳಲಾಗದ ಮಾರಾಟಗಾರ. ನಾಲ್ಕಕ್ಕೆ ನಾಲ್ಕೂ ನನ್ನ ಮೇಲೆ ಕೂತವು.

ಅದೇ ಪ್ರಕರಣದಲ್ಲಿ ಪಾರಾಗುವ ದಾರಿಯೂ ಇದೆ. ಕೊಂಡವನು ಮಾರಿದವನನ್ನು ತೋರಿಸಿಕೊಟ್ಟರೆ ಶುದ್ಧನಾಗುತ್ತಾನೆ. ಆಗ ಒಡೆಯನಿಗೆ ವಸ್ತು, ರಾಜನಿಗೆ ದಂಡ, ಕೊಂಡವನಿಗೆ ಅವನ ಹಣ, ಎಲ್ಲವೂ ಮಾರಿದವನ ಕಡೆಯಿಂದ. "ಯಾರ ಹತ್ರ ತಗಂಡ್ರಿ" ಎಂದು ಆ ತಾಯಿ ಕೇಳಿದ್ದು ಇದನ್ನೇ. ನನ್ನ ಬಳಿ ತೋರಿಸಲು ಯಾರೂ ಇರಲಿಲ್ಲ.

ಧರ್ಮಶಾಸ್ತ್ರದಲ್ಲಿ ಬರೆದದ್ದೆಲ್ಲ ಸಂತೆಯಲ್ಲಿ ನಡೆಯುತ್ತಿತ್ತು ಎಂದು ಹೇಳಲಾಗದು. ಆದರೆ ಇಂಥ ಯೋಚನೆ ನಮ್ಮೊಬ್ಬರದಲ್ಲ. ಇಂಗ್ಲೆಂಡಿನಲ್ಲಿ ಬಹಳ ಕಾಲದಿಂದ ಒಂದು ಪದ್ಧತಿ ಇತ್ತು: ಮಾನ್ಯತೆ ಪಡೆದ ಬಯಲು ಮಾರುಕಟ್ಟೆಯಲ್ಲಿ, ಸೂರ್ಯ ಹುಟ್ಟಿ ಮುಳುಗುವುದರೊಳಗೆ ಒಳ್ಳೆಯ ನಂಬಿಕೆಯಿಂದ ಕೊಂಡರೆ ಕದ್ದ ಮಾಲೂ ಕೊಂಡವನದೇ ಆಗುತ್ತಿತ್ತು. 1973ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯಲ್ಲಿ ಲಂಡನ್ನಿನ ಸಂತೆಯೊಂದರಲ್ಲಿ ಗಾಜಿನ ದೀಪಸ್ತಂಭಗಳನ್ನು ಕೊಂಡವನೊಬ್ಬ ಸೋತ. ಕಾರಣ, ಅವನು ಕೊಂಡಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ! 1994ರಲ್ಲಿ ಅಲ್ಲಿಯ ಸಂಸತ್ತು ಈ ಪದ್ಧತಿಯನ್ನೇ ತೆಗೆದುಹಾಕಿತು. ನಮ್ಮ 1930ರ ಸರಕು ಮಾರಾಟ ಕಾಯಿದೆಯ ಮೂಲಸೂತ್ರವೂ ವಿಜ್ಞಾನೇಶ್ವರನ ಕಡೆಗೇ ಇದೆ: ಮಾರಿದವನಿಗೆ ಎಷ್ಟು ಹಕ್ಕಿತ್ತೋ ಕೊಂಡವನಿಗೂ ಅಷ್ಟೇ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಳ್ಳುವುದು 2023ರ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧ. 'ನಂಬಲು ಕಾರಣ' ಎಂಬ ಆ ಎರಡು ಪದದೊಳಗೆ ರಾತ್ರಿ, ಏಕಾಂತ, ಕಡಿಮೆ ಬೆಲೆ ಎಲ್ಲವೂ ಬಂದು ಕೂರಬಲ್ಲವು.

ವಸ್ತು ಯಾರದೆಂದು ಗುರುತಿಸುವುದು ಹೇಗೆ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದನಗಳ ಅಧಿಕಾರಿಯ ಕೆಲಸದ ವಿವರ ಬರುತ್ತದೆ. ಪ್ರತಿಯೊಂದು ದನದ ಮೇಲೆ ಹಾಕಿದ ಮುದ್ರೆ, ಹುಟ್ಟುಗುರುತು, ಬಣ್ಣ, ಎರಡು ಕೊಂಬಿನ ನಡುವಿನ ಅಂತರ ಇವನ್ನು ಅವನು ಬರೆದಿಡಬೇಕು. ಇವತ್ತಿನ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಮಾಡುವುದೂ ಇದೇ ಕೆಲಸ. ಸಿಮ್ ಹಾಕುವ ಟ್ಯಾಬಾದರೆ ಸೆಟ್ಟಿಂಗ್ಸಿನಲ್ಲಿ ಆ ಸಂಖ್ಯೆ ಇರುತ್ತದೆ. ಡಬ್ಬದ ಮೇಲೆ, ಬಿಲ್ಲಿನ ಮೇಲೆ, ಪರದೆಯ ಮೇಲೆ ಮೂರೂ ಕಡೆ ಒಂದೇ ಇರಬೇಕು. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಮೆಸೇಜು ಕಳಿಸಬಹುದು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೆರೆದ 'ಸಂಚಾರ ಸಾಥಿ'ಯಲ್ಲೂ ನೋಡಬಹುದು. ಕಳೆದುಹೋಗಿದೆ ಎಂದು ದೂರು ಕೊಟ್ಟು ತಡೆಹಿಡಿಸಿದ ಸಾಧನವಾದರೆ ಅಲ್ಲೇ ಗೊತ್ತಾಗುತ್ತದೆ. ಬರೀ ವೈಫೈನ ಟ್ಯಾಬಿಗೆ ಐಎಂಇಐ ಇರುವುದಿಲ್ಲ, ಸೀರಿಯಲ್ ನಂಬರಷ್ಟೇ. ಅಲ್ಲಿ ಬಿಲ್ಲೇ ಗತಿ.

ಒಡೆತನದ ಮಾತಾಯಿತು, ಗುಣದ ಮಾತು ಬೇರೆ. ಮಿತಾಕ್ಷರಾದಲ್ಲಿ ಕೊಂಡ ಮೇಲೆ ಪರೀಕ್ಷಿಸಿ ನೋಡುವ ಅವಧಿಯೂ ಇದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರೆ ಹೊರುವ ಎತ್ತಿಗೆ ಐದು, ರತ್ನಕ್ಕೆ ಏಳು, ಕರೆಯುವ ಹಸುವಿಗೆ ಮೂರು ದಿನ. ಅದೇ ಸಾಲಿನಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು. ಗ್ರಾಹಕನ ಹಕ್ಕನ್ನು ಇಷ್ಟು ಚೆನ್ನಾಗಿ ಯೋಚಿಸಿದ ಕೈಯೇ ಮನುಷ್ಯರನ್ನೂ ಕಬ್ಬಿಣದ ಜೊತೆ ಪಟ್ಟಿ ಮಾಡಿತ್ತು. ಹಳೆಯದನ್ನು ಹೊಗಳುವಾಗ ಈ ಎರಡು ಬಾಬ್ತುಗಳನ್ನು ಬಿಟ್ಟು ಓದಬಾರದು.

ನನ್ನ ಅಜ್ಜನಿಗೆ ಮಿತಾಕ್ಷರಾ ಗೊತ್ತಿರಲಿಲ್ಲ, ದನದ ಸಂತೆ ಗೊತ್ತಿತ್ತು. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ: ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಸುಳಿ ನೋಡುತ್ತಿದ್ದ, ನಡೆಸಿ ನೋಡುತ್ತಿದ್ದ. ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವುದನ್ನು ಚಿಕ್ಕಂದಿನಲ್ಲಿ ನಾನೂ ನೋಡಿದ್ದೇನೆ. ಇದೆಂಥ ಕದ್ದುಮುಚ್ಚಿ ವ್ಯಾಪಾರ ಎಂದು ಆಗ ಅನಿಸಿತ್ತು. ಈಗ ಅರ್ಥವಾಗುತ್ತಿದೆ. ಟವಲಿನ ಕೆಳಗೆ ಗುಟ್ಟಾಗಿರುತ್ತಿದ್ದದ್ದು ಬೆಲೆ ಮಾತ್ರ. ಮಾರಾಟ ನಡೆಯುತ್ತಿದ್ದದ್ದು ನೂರು ಜನರ ನಡುವೆ, ಹಾಡಹಗಲಲ್ಲಿ. ನನ್ನದು ತಿರುಗಾಮುರುಗಾ ಆಗಿತ್ತು. ಬೆಲೆಯನ್ನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಮಾರಾಟ ಮಾತ್ರ ಕತ್ತಲಲ್ಲಿ ನಡೆದಿತ್ತು.

ಎರಡನೆಯ ಸಲ ಕೊಂಡದ್ದು ಭರಮಸಾಗರದಲ್ಲಿ. ಚಿತ್ರದುರ್ಗ ದಾವಣಗೆರೆಗಳ ನಡುವೆ ಹೆದ್ದಾರಿಯ ಮೇಲಿರುವ ಊರು. ದುರ್ಗದ ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರು ಹೊತ್ತ ದೊಡ್ಡ ಕೆರೆಯಿಂದ ಊರಿಗೂ ಆ ಹೆಸರು. ಡಿಗ್ರಿ ಮುಗಿಸಿದ ಹುಡುಗನೊಬ್ಬ ತನ್ನ ಟ್ಯಾಬು ಮಾರುವವನಿದ್ದ. ಈ ಸಲ ನಾನೇ ಹೇಳಿದೆ: ಬೆಳಿಗ್ಗೆ ಹನ್ನೊಂದಕ್ಕೆ, ಹೋಟೆಲಿನಲ್ಲಿ, ಬಿಲ್ಲಿನ ಜೊತೆ. ಹುಡುಗ ತಂದೆಯನ್ನೂ ಕರೆತಂದಿದ್ದ.

ಟೀ ತರಿಸಿಕೊಂಡು ಅಜ್ಜನ ಕ್ರಮದಲ್ಲೇ ನೋಡಿದೆ. ಬಿಲ್ಲಿನಲ್ಲಿ ಹುಡುಗನ ಹೆಸರು, ಸಂಖ್ಯೆ ತಾಳೆಯಾಯಿತು. ಚಾರ್ಜಿಗೆ ಹಾಕಿ ತೆಗೆದೆ. ನನ್ನ ಫೋನಿನ ನೆಟ್ಟಿಗೆ ಜೋಡಿಸಿ ಅರ್ಧ ಗಂಟೆ ಬಿಟ್ಟೆ. ಪರದೆಯ ಮೂಲೆಮೂಲೆಗೂ ಬೆರಳಾಡಿಸಿದೆ, ಕ್ಯಾಮೆರಾ, ಸ್ಪೀಕರು ನೋಡಿದೆ. ಮಿತಾಕ್ಷರಾದ ಐದು ದಿನ ನನಗೆ ಸಿಗುವುದಿಲ್ಲ, ಸಿಕ್ಕ ಒಂದು ಗಂಟೆಯಲ್ಲೇ ನಡೆಸಿ ನೋಡಬೇಕು.

ಕೊನೆಗೆ ಅಳಿಸುವ ಕೆಲಸ. ಇಲ್ಲಿ ನನಗೆ ಕಡತ ನೆನಪಾಯಿತು. ಮೈಸೂರು ಸೀಮೆಯಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ್ದು, ಬರೆಯುವುದು ಬಳಪದಲ್ಲಿ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಮೈಸೂರು ಇತಿಹಾಸದಲ್ಲಿ ಅದರ ಅಳತೆಯನ್ನೂ ಕೊಟ್ಟಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ. ನಮ್ಮ ಹಳೆಯ ಟ್ಯಾಬು ಎಂದರೆ ಅದೇ. ಒರೆಸಿ ಮತ್ತೆ ಬರೆಯಬಹುದಿತ್ತು, ಹಾಗೆ ಒರೆಸಿದ ಮೇಲೆ ಹಿಂದಿನವನ ಲೆಕ್ಕ ಅಲ್ಲಿ ಉಳಿಯುತ್ತಿರಲಿಲ್ಲ. ಇವತ್ತಿನ ಟ್ಯಾಬಿನಲ್ಲಿ ಒರೆಸಿದರಷ್ಟೇ ಸಾಲದು. ಒಡೆಯ ತನ್ನ ಗೂಗಲ್ ಖಾತೆಯಿಂದ ಹೊರಬಂದು, ಆಮೇಲೆ ರೀಸೆಟ್ ಮಾಡಬೇಕು. ಹಾಗಲ್ಲದೆ ಅಡ್ಡದಾರಿಯಲ್ಲಿ ಅಳಿಸಿದರೆ ಟ್ಯಾಬು ಹಳೆಯ ಒಡೆಯನ ಪಾಸ್‌ವರ್ಡನ್ನೇ ಕೇಳುತ್ತಾ ಕೂರುತ್ತದೆ. ಐಪ್ಯಾಡಿನಲ್ಲೂ ಇಂಥದೇ ಬೀಗವಿದೆ. ಹಳೆಯ ಭೂಮಿ ಮಾರಾಟದ ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಹೆಸರಿಸಿ ಬಿಟ್ಟುಕೊಡುತ್ತಿದ್ದರಲ್ಲ, ಹಾಗೆ ಪೂರ್ತಿ ಬಿಟ್ಟುಕೊಟ್ಟರೇ ಮಾರಾಟ. ಹುಡುಗ ನನ್ನೆದುರೇ ಖಾತೆ ತೆಗೆದು ರೀಸೆಟ್ ಮಾಡಿದ. ನಾನು ನನ್ನ ಖಾತೆ ಹಾಕಿಕೊಂಡೆ. ಆಮೇಲೆ ಏಳು ಸಾವಿರವನ್ನು ಯುಪಿಐನಲ್ಲಿ ಅವನ ಹೆಸರಿಗೇ ಕಳಿಸಿದೆ.

ಒಂದು ಹಾಳೆಯ ಮೇಲೆ ದಿನಾಂಕ, ಸಂಖ್ಯೆ, ಬೆಲೆ ಬರೆದು ಸಹಿ ಕೇಳಲು ನನಗೆ ಸಂಕೋಚವಿತ್ತು. ನಂಬಿಕೆಯಿಲ್ಲವೇ ಎಂದು ಬೇಸರ ಮಾಡಿಕೊಂಡಾರು ಎಂಬ ಅಳುಕು. ಹುಡುಗನ ತಂದೆ ಹಾಳೆ ಓದಿ, "ಇನ್ನೊಂದು ಬರೀರಿ ಸಾರ್, ನಮಗೂ ಒಂದು ಬೇಕು" ಎಂದರು. "ನಾಳೆ ನೀವು ಇದರಲ್ಲಿ ಏನಾರ ಮಾಡಿದ್ರೆ ನನ್ನ ಮಗನ ಹೆಸರು ಬರಬಾರದಲ್ಲ. ಬಿಲ್ಲಲ್ಲಿ ಇರೋದು ಅವನ ಹೆಸರು."

ಅಲ್ಲಿಯವರೆಗೆ ನಾನು ಕೊಳ್ಳುವವನ ಭಯವನ್ನಷ್ಟೇ ಯೋಚಿಸಿದ್ದೆ. ಮಾರುವವನಿಗೂ ಅಷ್ಟೇ ಭಯವಿರುತ್ತದೆ, ಅವನೂ ಅಪರಿಚಿತನ ಎದುರಿಗೇ ಕೂತಿರುತ್ತಾನೆ. ಶಾಸನದ ಕೊನೆಯಲ್ಲಿ ಸಾಕ್ಷಿಗಳ ಹೆಸರುಗಳನ್ನು ನಾನು ಎಷ್ಟೋ ಸಲ ಬೇಗಬೇಗ ದಾಟಿ ಹೋಗಿದ್ದೇನೆ, ಪ್ರಬಂಧಕ್ಕೆ ಬೇಕಾದದ್ದು ರಾಜನ ಹೆಸರು, ತಿಥಿ, ದಾನದ ವಿವರ ಎಂದು. ಸಾಕ್ಷಿ ಎಂದರೆ ಅನುಮಾನ ಎಂದೇ ನನ್ನ ಎಣಿಕೆಯಾಗಿತ್ತು. ಆದರೆ ನಾಳೆ ಯಾರಾದರೂ 'ಯಾರ ಹತ್ರ ತಗಂಡ್ರಿ' ಎಂದು ಕೇಳಿದರೆ ತಲೆಯೆತ್ತಿ ಹೇಳಲು ಇಬ್ಬರಿಗೂ ಬೇಕಾದದ್ದು ಅದು.

ಎರಡು ಹಾಳೆ ಬರೆದೆ. ಹೋಟೆಲಿನ ಗಲ್ಲಾದ ಮೇಲಿದ್ದ ಹಿರಿಯರು ಎರಡಕ್ಕೂ ಸಾಕ್ಷಿಯಾಗಿ ಸಹಿ ಹಾಕಿದರು. ಬಸ್ಸಿನಲ್ಲಿ ಕೂತು ಆ ಟ್ಯಾಬಿನಲ್ಲಿ ಮೊದಲು ತೆರೆದದ್ದು 11ನೇ ಸಂಪುಟವನ್ನೇ. ಶಾಸನವೊಂದರ ಕೊನೆಗೆ ಸಾಕ್ಷಿಗಳ ಹೆಸರುಗಳಿದ್ದವು. ಒಂದೊಂದಾಗಿ ಓದಿದೆ.