ಆರು ಕಲ್ದಾರಿಗೆ ಏಳು ಹಾಲಿ

ನಾನು ಕಲಬುರಗಿ ಕಡೆಯವನು, ನಾಸಿಕದಲ್ಲಿ ನೆಲೆ ನಿಂತು ಮೂವತ್ತು ವರ್ಷ ದಾಟಿತು. ಯಾರಾದರೂ ‘ನೀವು ಬೇರೆ ರಾಜ್ಯದವರಲ್ವಾ’ ಅಂದಾಗಲೆಲ್ಲ ನನಗೆ ಹಳೇ ನಕಾಶೆ ನೆನಪಾಗುತ್ತೆ. 1948ಕ್ಕೆ ಮುಂಚೆ ಔರಂಗಾಬಾದು, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ಮತ್ತು ನಮ್ಮ ಕಲಬುರಗಿ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಾಸಿಕ, ಧಾರವಾಡ, ಬೆಳಗಾವಿ, ಬಿಜಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಾಸಿಕದವರಿಗೆ ದೂರದ ಧಾರವಾಡ ಒಂದೇ ಆಡಳಿತ, ಪಕ್ಕದ ಔರಂಗಾಬಾದೇ ಪರರಾಜ್ಯ!

ನಾಸಿಕ ಜಿಲ್ಲೆಯ ಯೇವಲಾ ದಾಟಿ ವೈಜಾಪುರಕ್ಕೆ ಹೋದರೆ ರೊಕ್ಕವೇ ಬೇರೆ. ಬ್ರಿಟಿಷ್ ರೂಪಾಯಿಗೆ ‘ಕಲ್ದಾರ್’ ಅಂತಿದ್ದರು, ನಿಜಾಮರದ್ದು ‘ಹಾಲಿ ಸಿಕ್ಕಾ’. ಹೆಚ್ಚೂಕಮ್ಮಿ ಆರು ಕಲ್ದಾರಿಗೆ ಏಳು ಹಾಲಿ. ಗಡಿಯಲ್ಲಿ ಸರಕಿನ ಮೇಲೆ ‘ಕರೋಡಗಿರಿ’ ಸುಂಕ. ಅಂಚೆಚೀಟಿ ಬೇರೆ. ಮನಮಾಡಿನಿಂದ ಔರಂಗಾಬಾದಿಗೆ ನಿಜಾಮರದೇ ಮೀಟರ್ ಗೇಜ್ ರೈಲು.

ಈ ಎರಡು ನಾಡು ಒಂದಾಗಿದ್ದು ಹೇಗೆ? ಯುರೋಪಿನವರು ಮೊದಲು ಸಂತೆ ಒಂದು ಮಾಡಿಕೊಂಡರು. 1957ರಲ್ಲಿ ರೋಮ್ ಒಪ್ಪಂದ, 1968ಕ್ಕೆ ಒಳಸುಂಕ ಇಲ್ಲ, 2002ಕ್ಕೆ ಕೈಗೆ ಯೂರೋ ನೋಟು. ಪೂರ್ತಿ ರಾಜಕೀಯ ಐಕ್ಯ ಇವತ್ತಿಗೂ ಆಗಿಲ್ಲ. ನಮ್ಮಲ್ಲಿ ಉಲ್ಟಾ. ಮೊದಲು ಬಂದದ್ದು ಸೈನ್ಯ. 1948ರ ಸೆಪ್ಟೆಂಬರ್ 13ಕ್ಕೆ ಶುರುವಾದ ಕಾರ್ಯಾಚರಣೆ 17ಕ್ಕೆ ನಿಜಾಮರ ಶರಣಾಗತಿಯಲ್ಲಿ ಮುಗಿಯಿತು. ಅದಕ್ಕೆ ಮುಂಚೆ ರಜಾಕಾರರ ಹಾವಳಿ, ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳು. ಎರಡನೆಯದನ್ನು ಸುಂದರಲಾಲ್ ಸಮಿತಿ ದಾಖಲಿಸಿದೆ. ಎರಡನ್ನೂ ಮರೆಯಬಾರದು.

ಆಮೇಲೆ ಲೆಕ್ಕಪತ್ರದ ಕೆಲಸ. 1950ರ ಏಪ್ರಿಲ್ 1ರಿಂದ ರೈಲು, ಅಂಚೆ, ಆದಾಯ ತೆರಿಗೆ ಕೇಂದ್ರಕ್ಕೆ ಹೋದವು. ಹೋದ ವರಮಾನಕ್ಕೆ ಬದಲಾಗಿ ಸಂಸ್ಥಾನಗಳಿಗೆ ಕೆಲ ವರ್ಷ ಹಣ ತುಂಬಿಕೊಡುವ ಏರ್ಪಾಟಾಯಿತು. 1951ರಲ್ಲಿ ನಿಜಾಮರ ರೈಲು ಸೆಂಟ್ರಲ್ ರೈಲ್ವೆಗೆ ಸೇರಿತು. ಸುಂಕ ಮಾತ್ರ ಒಂದೇ ದಿನಕ್ಕೆ ಹೋಗಲಿಲ್ಲ. ಬೊಕ್ಕಸ ಬರಿದಾಗುತ್ತೆ ಅಂತ ಸಂವಿಧಾನವೇ ಅದಕ್ಕೆ ಕಾಲಾವಕಾಶ ಕೊಟ್ಟಿತ್ತು. ಹಾಲಿ ಸಿಕ್ಕಾ 1959ರ ತನಕ ಉಸಿರು ಹಿಡಿದಿತ್ತು. ಅಷ್ಟರಲ್ಲಿ ಹೈದರಾಬಾದ್ ರಾಜ್ಯವೇ ಇರಲಿಲ್ಲ ನೋಡಿ! 1956ರ ನವೆಂಬರ್ 1ಕ್ಕೆ ಮರಾಠವಾಡ ಮುಂಬಯಿ ರಾಜ್ಯಕ್ಕೆ, ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ.

ಗಡಿ ಅಳಿಸಿದರೂ ಅಂತರ ಅಳಿಯಲಿಲ್ಲ. ಮರಾಠವಾಡ ಹಿಂದುಳಿದಿದೆ ಅಂತ 371ನೇ ವಿಧಿಯಲ್ಲಿ ವಿಶೇಷ ಮಾತು ಸೇರಿಸಬೇಕಾಯಿತು. ನಮ್ಮ ಭಾಗಕ್ಕೆ 371(ಜೆ) ಬರಲು 2013 ಆಗಬೇಕಾಯಿತು. ರಾಜ್ಯ ಬೇರೆ, ಭಾಷೆ ಬೇರೆ, ದೂರು ಮಾತ್ರ ಒಂದೇ: ನೀರಿಲ್ಲ, ಕೆಲಸ ಇಲ್ಲ, ಮಕ್ಕಳು ಪುಣೆಗೋ ಬೆಂಗಳೂರಿಗೋ ಹೊರಟರು.

ಸುಂಕದ ಕಟ್ಟೆ ಕೀಳೋಕೆ ಒಂದು ಆದೇಶ ಸಾಕು. ಹಿಂದೆ ಬಿದ್ದವರು ಸಮಕ್ಕೆ ಬರೋಕೆ ಮೂರು ತಲೆಮಾರೂ ಸಾಲೋದಿಲ್ಲ. ಒಕ್ಕೂಟ ಗಟ್ಟಿಯೋ ಅಲ್ಲವೋ ಅಂತ ನೋಡಬೇಕಾದದ್ದು ಅಲ್ಲೇ ಅಂತ ನನ್ನ ಅನಿಸಿಕೆ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಒಂದು ಹಾಲಿ ಸಿಕ್ಕಾ ಸಿಕ್ಕರೆ ಮಕ್ಕಳಿಗೆ ಈ ಕಥೆ ಹೇಳಿ.